ಜೋಡಿ ಬಿಡದ ಜೇಡಗಳು

“ಈ ಸಂಬಂಧ ಕುದುರಿಸಿದೋರು ಯಾರಪ್ಪಾ?”

ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ ಅತ್ತೆ ಕೇಳಿದರು. ಕೇಳಿದ್ದು ನನ್ನನ್ನಲ್ಲ, ನಾನು ಕಿಟಕಿಯ ಬಳಿ ಕೂತು ಜೇಡವೊಂದರ ಕಾಲಿನ ಮುಳ್ಳುಗಳನ್ನು ಬರೆಯುತ್ತಿದ್ದೆ. ಸಂಗ್ರಹಾಲಯದ ಈ ಹಿಂದಿನ ಕೋಣೆಯಲ್ಲಿ ಅತ್ತೆ ಜೇಡಗಳನ್ನು ವಿಂಗಡಿಸುತ್ತಾರೆ, ನಾನು ಅವುಗಳ ಚಿತ್ರ ಬರೆಯುತ್ತೇನೆ. ಚಕ್ರದಂತೆ ಬಲೆ ನೇಯುವ ಉದ್ದ ದವಡೆಯ ಜೇಡಗಳಲ್ಲಿ ಒಂದು ಹೊಸ ಕುಲವನ್ನು ಅವರು ಯೌವನದಲ್ಲೇ ಗುರುತಿಸಿ ಹೆಸರಿಟ್ಟಿದ್ದರು. ಅವರ ಹೆಸರು ನಾಲ್ಕು ಜನರಿಗೆ ಗೊತ್ತಾದದ್ದೂ ಅದರಿಂದಲೇ.

“ಬಾ ಇಲ್ಲಿ. ಕೈ ತಾಗಿಸ್ಬೇಡ, ಮುರಿದೀತು.”

ನೋಡಿದೆ. ನದಿಯಂಚಿನ ಜೊಂಡಿನಿಂದ ಯಾರೋ ಹಿಡಿದು ಕಳಿಸಿದ್ದ ಎರಡು ಜೇಡಗಳು ಕೂಡಿದ ಹಾಗೆಯೇ ಸ್ಪಿರಿಟ್ಟಿನಲ್ಲಿ ನಿಂತುಹೋಗಿದ್ದವು. ಗಂಡು ತನ್ನ ದವಡೆಯ ಕೊಕ್ಕೆಯಿಂದ ಹೆಣ್ಣಿನ ವಿಷದ ಹಲ್ಲನ್ನು ತಡೆದು ಹಿಡಿದಿತ್ತು. ಕೂಡುವಷ್ಟು ಹೊತ್ತಾದರೂ ತನ್ನ ಜೀವ ಉಳಿಯಬೇಕಲ್ಲ! ಆ ಹಲ್ಲಿಗೆಂದೇ ಆ ಕೊಕ್ಕೆಯನ್ನು ಕಡೆದು ಕೂರಿಸಿದಂತಿತ್ತು. ಪದ್ಯದ ಒಂದು ಸಾಲಿನ ಪ್ರಾಸಕ್ಕೆ ಮುಂದಿನ ಸಾಲು ಬಂದು ಒದಗಿದ ಹಾಗೆ. ಮಾಡಿದವನಿಗೆ ಕೈ ಮುಗಿಯಬೇಕೆನಿಸಿತು.

“ಗಂಡು ನಿಮ್ಮ ಕುಲದ್ದೇ ಅಲ್ವಾ ಅತ್ತೆ?”

“ನಮ್ಮ ಮನೇದೇ. ಹೆಣ್ಣು ಯಾರ ಮನೇದು ಹೇಳು?”

ನಾನು ಮತ್ತೆ ಬಗ್ಗಿ ನೋಡಿದೆ. ಹೆಣ್ಣು ಬೇರೆ ಕುಲದ್ದು, ಅತ್ತೆ ಹುಟ್ಟುವ ಮೊದಲೇ ಯಾರೋ ಹೆಸರಿಟ್ಟದ್ದು. ಅತ್ತೆಗೆ ಅಂದು ಸಿಕ್ಕಿದ್ದು ಬರೀ ಗಂಡುಗಳು. ಅವುಗಳ ಹೆಣ್ಣುಗಳು ಪಕ್ಕದ ಕಪಾಟಿನಲ್ಲೇ ಇನ್ನೊಂದು ಹೆಸರು ಹೊತ್ತು ಕೂತಿದ್ದವು. ಹೀಗೆ ಕೊಕ್ಕೆಗೆ ಹಲ್ಲು ಹೊಂದಿ ಎರಡೂ ಕುಲ ಒಂದೇ ಎಂದಾದರೆ ಹಳೆಯ ಹೆಸರು ಉಳಿಯಬೇಕು, ಹೊಸದು ಅಳಿಯಬೇಕು. ಈ ವಿದ್ಯೆಯ ನಿಯಮ ಅದು.

ಅತ್ತೆ ಆ ಹೆಣ್ಣುಗಳನ್ನೆಲ್ಲ ತಂದು, ಒಂದೊಂದರ ಹಲ್ಲನ್ನೂ ತಮ್ಮ ಗಂಡುಗಳ ಕೊಕ್ಕೆಗೆ ಹೋಲಿಸಿ ಅಳೆದರು. ಊಟದ ಡಬ್ಬಿ ಮುಚ್ಚಿದ್ದ ಹಾಗೇ ಇತ್ತು. ಮುಖದಲ್ಲಿ ಮಾತ್ರ ಮದುವೆ ಮನೆಯ ಸಡಗರ.

“ಇಷ್ಟು ವರ್ಷ ಪಾಪ, ಇವನ್ನ ನಾನು ಬ್ರಹ್ಮಚಾರಿಗಳನ್ನಾಗಿ ಮಾಡಿ ಕೂರಿಸಿದ್ನಲ್ಲೇ!”

“ನಿಮಗೆ ಬೇಜಾರಿಲ್ವಾ?”

“ಇಲ್ದೆ ಏನು? ಹೊಟ್ಟೆ ಉರೀತಿದೆ. ಆದ್ರೂ ಆ ಕೊಕ್ಕೆ ನೋಡೇ, ಎಷ್ಟು ಚೆಂದ!”

ಸಂಜೆ ಸಂಗ್ರಹಾಲಯದ ಮುಖ್ಯಸ್ಥರು ಬಂದರು. ಅತ್ತೆ ಕುರ್ಚಿ ಬಿಟ್ಟುಕೊಟ್ಟು ತೋರಿಸಿದರು. ಅವರೂ ಜೇಡ ಬಲ್ಲವರೇ, ವಿವರಿಸಬೇಕಾಗಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದರು.

“ಮೇಡಂ, ಮುಂದಿನ ವಾರ ನಿಮ್ಮ ಸನ್ಮಾನ. ಹೊಸ ಸಭಾಂಗಣದ ಬಾಗಿಲ ಮೇಲೆ ನಿಮ್ಮ ಕುಲದ ಹೆಸರೇ ಕೆತ್ತಿ ಆಗಿದೆ.”

“ನೋಡ್ದೆ. ಕೆತ್ತಿದೋನ ಕೈ ಚೆನ್ನಾಗಿದೆ.”

“ತಮಾಷೆ ಮಾಡ್ಬೇಡಿ. ಅದೊಂದು ಮುಗಿಯೋವರೆಗೆ ಸುಮ್ನಿದ್ದುಬಿಡಿ. ಸ್ಪಿರಿಟ್ಟಲ್ಲಿರೋ ಜೇಡ ಎಲ್ಲಿಗೆ ಓಡಿಹೋಗುತ್ತೆ? ನಿಮಗೇ ಸಲ್ಲಬೇಕಾದ ಮರ್ಯಾದೆ ಇದು. ನನಗೋಸ್ಕರ.”

ಅತ್ತೆ ಜೋಡಿಯನ್ನು ಅಲುಗಿಸದೆ ಒಂದೇ ಸೀಸೆಗೆ ಇಳಿಸಿದರು. ಚೀಟಿಯ ಮೇಲೆ ಹಳೆಯ ಕುಲದ ಹೆಸರನ್ನು ದುಂಡಗೆ ಬರೆದು, ಶಾಯಿ ಒಣಗಲೆಂದು ಊದಿದರು.

“ಆಗಲ್ಲ ಸಾರ್.”