ಮಾವನ ಕುಕ್ಕರ್, ಮ್ಯಾನೇಜರನ ಫಿಲ್ಟರ್

ನನ್ನ ಮಾವ ಆಸ್ಪತ್ರೆಯಲ್ಲಿ ಆಪರೇಷನ್ ಕತ್ತರಿಗಳನ್ನು ಕುದಿಸುವ ವಿಭಾಗದಲ್ಲಿದ್ದವರು. ಅವರು ಒರೆಸಿದ ಟೇಬಲ್ಲಿನ ಮೇಲೆ ಕೂರಬೇಕಾದರೆ ನೊಣ ಕೂಡ ಕಾಲು ತೊಳೆದುಕೊಂಡು ಬರುತ್ತಿತ್ತು. ಹೆಂಡತಿ ನಂಬುವುದಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ. ನಿವೃತ್ತರಾಗಿ ನಮ್ಮ ಮನೆಗೆ ಬಂದ ಮೇಲೆ ಕುದಿಸಲು ಏನೂ ಸಿಗದೆ ಚಡಪಡಿಸುತ್ತಿದ್ದರು. ಅಷ್ಟರಲ್ಲಿ ಮ್ಯಾನೇಜರ್ ಬಂದ.

ಮ್ಯಾನೇಜರ್ ಅಂದರೆ ಒಂದು ಗೋಲ್ಡ್ ಫಿಶ್. ಹೆಂಡತಿಯ ಆಫೀಸು ಬೇರೆ ಕಟ್ಟಡಕ್ಕೆ ಹೋದಾಗ ಯಾರಿಗೂ ಬೇಡವಾಗಿ ಬಕೆಟ್ಟಿನಲ್ಲಿ ನಮ್ಮ ಮನೆ ಸೇರಿತು. ಉಬ್ಬಿದ ಹೊಟ್ಟೆ, ಏನೋ ಹೇಳಲು ಹೊರಟು ಸುಮ್ಮನಾದಂಥ ಬಾಯಿ. ಅವಳ ಮ್ಯಾನೇಜರನ್ನು ಕಂಡವರಾರೂ ಹೆಸರಿಗೆ ತಕರಾರು ತೆಗೆಯಲಿಲ್ಲ.

"ಆಫೀಸಲ್ಲಿ ನನ್ನ ಮಾತು ಪೂರ್ತಿ ಕೇಳಿಸ್ಕೊಂಡಿದ್ದು ಇದೊಂದೇ ಕಣ್ರೀ," ಎಂದಳು ಹೆಂಡತಿ. "ಇದಕ್ಕೇನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ."

ಅಕ್ವೇರಿಯಂ ಅಂಗಡಿಯವನು ಗಾಜಿನ ತೊಟ್ಟಿಗೆ ನೇತುಹಾಕುವ ಫಿಲ್ಟರ್ ಡಬ್ಬಿ ಕೊಟ್ಟ. ಒಳಗೊಂದು ಸ್ಪಂಜು, ಒಂದು ಚೀಲ ಪಿಂಗಾಣಿ ಉಂಗುರ.

"ಸಣ್ಣ ಮೀನಾಗಿದ್ರೆ ಬರೀ ಸ್ಪಂಜ್ ಸಾಕಿತ್ತು ಸಾರ್. ಇದು ತಿಂದಷ್ಟೂ ಹೊಲಸು ಮಾಡತ್ತೆ. ಆ ವಿಷ ಕಳೆಯೋ ಬ್ಯಾಕ್ಟೀರಿಯಾ ಸ್ಪಂಜಲ್ಲಿ, ಉಂಗುರದಲ್ಲಿ ಮನೆ ಮಾಡ್ಬೇಕು. ತಿಂಗಳ ಮೇಲಾಗತ್ತೆ. ಅಲ್ಲೀವರೆಗೂ ಸ್ವಲ್ಪ ಸ್ವಲ್ಪ ನೀರು ತೆಗೆದು ಕ್ಲೋರಿನ್ ಇಲ್ಲದ ನೀರು ಹಾಕ್ತಾ ಇರಿ. ಫಿಲ್ಟರ್ ಮಾತ್ರ ತೊಳೀಬೇಡಿ."

ಮನೆಗೆ ಬಂದು ಇದನ್ನೆಲ್ಲ ಮಾವನಿಗೆ ಹೇಳಿದೆ. ಹೇಳಬಾರದಿತ್ತು.

"ಮನೆಯೊಳಗೆ ಬ್ಯಾಕ್ಟೀರಿಯಾ ಸಾಕ್ತೀರಾ ಅಳಿಯಂದ್ರೇ?"

"ಒಳ್ಳೆ ಬ್ಯಾಕ್ಟೀರಿಯಾ ಮಾವ."

"ಎಲ್ಲ ಬ್ಯಾಕ್ಟೀರಿಯಾನೂ ಅವರಮ್ಮನಿಗೆ ಒಳ್ಳೇದೇ."

ಕೆಲವು ವಾರಗಳಲ್ಲಿ ಮಬ್ಬು ನೀರು ತಿಳಿಯಾಗತೊಡಗಿತು. ಒಂದು ಸಂಜೆ ಬಂದು ನೋಡಿದರೆ ಕುಕ್ಕರ್ ಸೀಟಿ ಹಾಕುತ್ತಿದೆ, ಒಳಗೆ ಪಿಂಗಾಣಿ ಉಂಗುರಗಳು. ಸ್ಪಂಜು ಹಾಲಿನಂತೆ ಬೆಳ್ಳಗಾಗಿ ಬಟ್ಟೆಯ ತಂತಿಗೆ ಕ್ಲಿಪ್ಪಿನಲ್ಲಿ ನೇತಾಡುತ್ತಿದೆ. ಕೈ ಮುಗಿದು ವಿವರಿಸಿದೆ. ಮತ್ತೆ ಮೊದಲಿನಿಂದ ಶುರುಮಾಡಿದೆ. ಮತ್ತೆ ಕುದಿಸಿದರು. ಡಬ್ಬಿಗೆ ಬೀಗ ಹಾಕಿದೆ. ಬೀಗವನ್ನೂ ಕುದಿಸಿದರು.

ಮ್ಯಾನೇಜರ್ ಕಿವಿರು ಕೆಂಪಾಗಿ ನೀರಿನ ಮೇಲೆ ಬಾಯಿ ಬಿಡುತ್ತ ನಿಂತ. ಹೆಂಡತಿ ತೊಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಅಪ್ಪನಿಗೆ ಏನೂ ಅನ್ನಲಾರಳು, ನನ್ನನ್ನೇ ನೋಡಿದಳು.

"ನೋಡಿದ್ರಾ," ಎಂದರು ಮಾವ. "ಸರಿಯಾಗಿ ಕುದಿಸಿಲ್ಲ, ಅದಕ್ಕೇ ಹೀಗಾಗಿರೋದು."

ಅಂಗಡಿಗೆ ಓಡಿದೆ. ಅಂಗಡಿಯವನು ಕಥೆ ಕೇಳಿ, ತನ್ನ ಹಳೇ ತೊಟ್ಟಿಯಿಂದ ಕೆಸರಿನ ಬಣ್ಣದ ಸ್ಪಂಜೊಂದನ್ನು ತೆಗೆದ. "ಇದರ ತುಂಬಾ ಬ್ಯಾಕ್ಟೀರಿಯಾ ಇದೆ. ಒದ್ದೆ ಇರುವಾಗ್ಲೇ ಹಾಕ್ಬಿಡಿ. ಇದನ್ನೂ ಕುದಿಸಿದ್ರೆ ಮೀನಿನ ಆಸೆ ಬಿಡಿ. ನಿಮ್ಮ ಮಾವನ್ನ ನನ್ನ ಅಂಗಡಿ ಕಡೆ ಮಾತ್ರ ಕರ್ಕೊಂಡು ಬರ್ಬೇಡಿ."

ದಾರಿಯಲ್ಲಿ ನೆನಪಾಯಿತು. ಆಸ್ಪತ್ರೆಯಿಂದ ಬರುವಾಗ ಮಾವ ಒಂದು ಸುರುಳಿ ಟೇಪು ತಂದು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ಕತ್ತರಿಗಳ ಗಂಟಿಗೆ ಅಂಟಿಸುವ ಟೇಪು ಅದು. ಆವಿಯಲ್ಲಿ ಬೆಂದರೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡಿತೆಂದರೆ ಒಳಗಿನದು ಶುದ್ಧ, ಆ ಗಂಟನ್ನು ಸರ್ಜನ್ ಕೇಳುವ ತನಕ ಯಾರೂ ಬಿಚ್ಚುವಂತಿಲ್ಲ. ಒಮ್ಮೆ ಆಸ್ಪತ್ರೆಯ ಡೈರೆಕ್ಟರೇ ಕೈಹಾಕಿದಾಗ ಮಾವ ಕೈಮೇಲೆ ಹೊಡೆದಿದ್ದರಂತೆ.

ಮಾವ ವಾಕಿಂಗಿಗೆ ಹೋಗಿದ್ದರು. ಸ್ಪಂಜು ಡಬ್ಬಿಗಿಳಿಸಿದೆ. ಒಂದು ತುಂಡು ಟೇಪನ್ನು ಆಲೂಗಡ್ಡೆಯ ಜೊತೆ ಕುಕ್ಕರಿನಲ್ಲಿ ಬೇಯಿಸಿ, ಗೆರೆ ಮೂಡಿದ ಮೇಲೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದೆ.

ಮಾವ ಬಂದವರೇ ಸೀದಾ ಡಬ್ಬಿಗೆ ಕೈಹಾಕಿದರು. ಕೈ ಅಲ್ಲೇ ನಿಂತಿತು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಯಾರು ಸೀಲ್ ಮಾಡಿದ್ದು?"

"ನಾನೇ ಮಾವ."

"ಗೆರೆ ಚೆನ್ನಾಗಿ ಬಂದಿದೆ," ಎಂದು ಒಳಗೆ ಹೋದರು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಅವರಾಡಿದ ಒಳ್ಳೆಯ ಮಾತು ಅದೊಂದೇ.

ಕೆಲವೇ ದಿನಗಳಲ್ಲಿ ಮ್ಯಾನೇಜರ್ ಕೆಳಗಿಳಿದು ಕಲ್ಲು ಕೆದಕತೊಡಗಿದ. ಹೆಂಡತಿ ಕುರ್ಚಿಯನ್ನು ಊಟದ ಟೇಬಲ್ಲಿಗೆ ವಾಪಸು ತಂದಳು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸ್ಪಂಜು ಕಟ್ಟಿಕೊಂಡು ಫಿಲ್ಟರಿನ ನೀರು ಸಣ್ಣಗಾಯಿತು. ತೊಟ್ಟಿಯದೇ ನೀರನ್ನು ಮಗ್ಗಿನಲ್ಲಿ ತೆಗೆದು ಅದರಲ್ಲಿ ಸ್ಪಂಜನ್ನು ಮೆಲ್ಲಗೆ ಹಿಂಡಬೇಕು, ಅಷ್ಟೇ; ಹಾಗಾದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಟೇಪಿಗೆ ಕೈ ಹಾಕಿದೆ. ಕೈಮೇಲೆ ಏಟು ಬಿತ್ತು.

"ಸೀಲ್ ಒಡೆಯೋಕೆ ನೀವೇನು ಸರ್ಜನ್ನಾ?"

"ಹಿಂಡದೇ ಇದ್ರೆ ಮೀನು ಸಾಯತ್ತೆ ಮಾವ."

ಮಾವ ಯೋಚಿಸಿದರು. ಡ್ರಾಯರಿನಿಂದ ಟೋಪಿ, ಮಾಸ್ಕು, ಹಸಿರು ಗೌನು ತಂದರು.

ಈಗ ಫಿಲ್ಟರ್ ಹಿಂಡುವ ದಿನ ನಾನು ನಡುಮನೆಯಲ್ಲಿ ಗೌನು ತೊಟ್ಟು ಕೈ ಚಾಚುತ್ತೇನೆ, ಮಾವ ಮಗ್ಗು ಕೊಡುತ್ತಾರೆ. ಯಾರೂ ಮಾತಾಡುವಂತಿಲ್ಲ. ಹೊಸ ಟೇಪನ್ನು ಮಾತ್ರ ಹಿಂದಿನ ದಿನ, ಅವರು ವಾಕಿಂಗಿಗೆ ಹೋದಾಗ, ನಾನು ಬೇಯಿಸಿಟ್ಟಿರಬೇಕು.

"ರೀ," ಎನ್ನುತ್ತಾಳೆ ಹೆಂಡತಿ ಆ ಸಂಜೆ ಕುಕ್ಕರ್ ತೆರೆದು, "ಮತ್ತೆ ಆಲೂಗಡ್ಡೆನಾ?"