ಬಯಾಲಜಿಯ ಜೊತೆ ಕೆಮಿಸ್ಟ್ರಿ ಬರುವುದಿಲ್ಲ

ಸುಗುಣಾ ಒದ್ದೆ ಬಟ್ಟೆ ಕೊಡವಿ ಹರವುತ್ತಿದ್ದಳು. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಬಾಗಿಲಲ್ಲಿ ಮೇಲಿನ ಫ್ಲಾಟಿನ ವೈದೇಹಿ. ಮೈಸೂರಿನವಳು, ಐಸಿಯು ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದವಳು ಮೊಸರಿಗೆ ಹೆಪ್ಪು ಕೇಳಿದಳು.

ಬಟ್ಟೆ ಅಲ್ಲೇ ಬಿಟ್ಟು ಹೆಪ್ಪು ತೆಗೆಯುತ್ತಾ ಸುಗುಣಾ ಮಗಳ ಸುದ್ದಿ ಎತ್ತಿದಳು. ತೃಷಾ ಆಗಷ್ಟೇ ಈ ಪರದೇಶದ ಶಾಲೆಯಲ್ಲಿ ಸಿಕ್ಸ್ತ್ ಫಾರ್ಮ್, ಅಂದರೆ ಊರಿನ ಪಿಯುಸಿಯಂಥ ಎರಡು ವರ್ಷದ ಓದಿಗೆ, ಸೇರಿದ್ದಳು. ಹೋದ ಚಳಿಗಾಲ ಸುಗುಣಾಳಿಗೆ ಗರ್ಭಕೋಶದ ಆಪರೇಷನ್ ಆದಾಗ, ಅಮ್ಮ ಮತ್ತೆ ಕಣ್ಣು ಬಿಡುತ್ತಾಳೋ ಇಲ್ಲವೋ ಎಂದು ಬಿಳಿಚಿಕೊಂಡು ನಿಂತಿದ್ದ ಹುಡುಗಿಗೆ ಅಲ್ಲಿನ ನರ್ಸ್ ಒಂದು ಮಾತು ಹೇಳಿದ್ದರು. ಅಮ್ಮ ಮಲಗಿರುವಷ್ಟು ಹೊತ್ತೂ ನಾವು ಅವರ ತಲೆಯ ಹತ್ತಿರವೇ ಇರುತ್ತೇವೆ ಎಂದು. ಅಂದಿನಿಂದ ತೃಷಾಳಿಗೆ ಒಂದೇ ಆಸೆ. ನರ್ಸ್ ಆಗಬೇಕು, ಮುಂದೆ ಅರಿವಳಿಕೆ ಕೊಡುವುದನ್ನೇ ಕಲಿಯಬೇಕು.

ಯಾವ ವಿಷಯ ತೆಗೆದುಕೊಂಡಳು ಎಂದು ವೈದೇಹಿ ಕೇಳಿದಳು. ಬಯಾಲಜಿ, ಸೈಕಾಲಜಿ, ಸೋಶಿಯಾಲಜಿ.

"ಕೆಮಿಸ್ಟ್ರಿ?"

ಸುಗುಣಾ ನಕ್ಕಳು. "ನೀನೊಬ್ಬಳು ಮಾರಾಯ್ತಿ. ಬಯಾಲಜಿ ತಗೊಂಡ ಮೇಲೆ ಕೆಮಿಸ್ಟ್ರಿ ಜೊತೆಗೇ ಬರ್ತದಲ್ಲ. ನಾನೂ ಪಿಯುಸಿ ಓದಿದವಳೇ."

ವೈದೇಹಿ ನಗಲಿಲ್ಲ. "ಅದು ಕುಂದಾಪುರದ ಪಿಯುಸಿ ಅಕ್ಕ. ಅಲ್ಲಿ ಎಲ್ಲ ಒಂದೇ ಕಟ್ಟು. ಇಲ್ಲಿ ಸಿಕ್ಸ್ತ್ ಫಾರ್ಮಿನ ಎ-ಲೆವೆಲ್ ಪರೀಕ್ಷೆಗೆ ನಾವೇ ಆರಿಸಿಕೊಂಡ ಮೂರ್ನಾಲ್ಕು ವಿಷಯ ಅಷ್ಟೇ ಸಿಗುತ್ತೆ."

ನರ್ಸಿಗೆ ಕೆಮಿಸ್ಟ್ರಿ ಎಂತಕ್ಕೆ ಎಂದು ಸುಗುಣಾ ವಾದಿಸಿದಳು. ವೈದೇಹಿ ಕೂತು ಬಿಡಿಸಿ ಹೇಳಿದಳು. ಇಲ್ಲಿ ಬಹಳ ಕಡೆ ಅದಿಲ್ಲದೆಯೂ ನರ್ಸಿಂಗ್ ಸೇರಬಹುದು. ಜನ ಮೋಸ ಹೋಗುವುದೇ ಅಲ್ಲಿ, ಅದು ಬೇಕಾಗುವುದು ನರ್ಸ್ ಆದ ಮೇಲೆ ಮುಂದೆ ಕಲಿಯಲು ಹೊರಟಾಗ. ಅಮೆರಿಕದಲ್ಲಿ ನರ್ಸುಗಳೇ ಅರಿವಳಿಕೆ ಕೊಡುವುದನ್ನು ಕಲಿಸುವ ಶಾಲೆಗಳಿವೆ. ಅವಕ್ಕೆ ನರ್ಸಿಂಗ್ ಪದವಿ ಬೇಕು, ಐಸಿಯು ಅನುಭವ ಬೇಕು. ಹಲವು ಶಾಲೆಗಳು ಕಾಲೇಜು ಮಟ್ಟದ ಕೆಮಿಸ್ಟ್ರಿಯನ್ನೂ ಒಳ್ಳೆಯ ಅಂಕವನ್ನೂ ಕೇಳುತ್ತವೆ. ಕೆಲವು ಶಾಲೆಗಳು ಬಹಳ ಹಿಂದೆ ಓದಿದ್ದನ್ನು ಒಪ್ಪುವುದಿಲ್ಲ. ಇಲ್ಲಿ ಆ ಕೆಲಸ ಬಹುಪಾಲು ಡಾಕ್ಟರರದು. ಮೆಡಿಕಲ್‌ಗೂ ಹೆಚ್ಚಿನ ಕಡೆ ಕೆಮಿಸ್ಟ್ರಿ ಬೇಕು. ಅಮೆರಿಕದ ಶಾಲೆಗೆ ಅರ್ಜಿ ಹಾಕಲೆಂದು ತಾನೇ ಈಗ ಪಾಳಿಯ ನಡುವೆ ಕೆಮಿಸ್ಟ್ರಿಯನ್ನು ಮೊದಲಿಂದ ಓದುತ್ತಿರುವುದಾಗಿ ಹೇಳಿದಳು.

"ಔಷಧಿ ರಕ್ತಕ್ಕೆ ಹೇಗೆ ಸೇರುತ್ತೆ, ಹೇಗೆ ಇಳಿಯುತ್ತೆ, ಇನ್ನೊಂದು ಔಷಧಿ ಜೊತೆ ಏನು ಮಾಡುತ್ತೆ, ಎಲ್ಲ ಕೆಮಿಸ್ಟ್ರೀನೇ ಅಕ್ಕ. ನಿಮ್ಮನ್ನ ಮಲಗಿಸಿ ಎಬ್ಬಿಸಿದವರು ಅದನ್ನ ಓದಿದ್ರು."

ಸುಗುಣಾ ಹೆಪ್ಪಿನ ಬಟ್ಟಲನ್ನು ವೈದೇಹಿಯ ಕೈಗಿತ್ತು ಮಗಳ ಕಡೆ ತಿರುಗಿದಳು.

ತೃಷಾ ಶಾಲೆಗೆ ಹೊರಡಲು ಬಾಗಿಲ ಬಳಿ ಶೂ ಕಟ್ಟುತ್ತಿದ್ದಳು. ಕೆಮಿಸ್ಟ್ರಿ ಯಾಕೆ ಬಿಟ್ಟೆ ಎಂದು ಅಮ್ಮ ಮೆಲ್ಲಗೆ ಕೇಳಿದ ಮೇಲೆ, ಇಂಗ್ಲಿಷಿನಲ್ಲಿ ತಡವರಿಸುತ್ತಾ ಹೇಳಿದಳು. ಕೆಮಿಸ್ಟ್ರಿ ಕೊಡಲು ಶಾಲೆ ಕೇಳುವ ಹಿಂದಿನ ಪರೀಕ್ಷೆಯ ಗ್ರೇಡಿಗಿಂತ ತನ್ನದು ತುಸು ಕಡಿಮೆ. ಕೇಳಿದರೆ ಆಗಲ್ಲ ಅನ್ನುತ್ತಾರೆ.

"ಅನ್ನಲಿ ಮಗಾ," ಎಂದಳು ಸುಗುಣಾ. "ನೀನು ಕೇಳಲೇ ಇಲ್ಲ ಅಂದ್ರೆ, ಆಗುದಿಲ್ಲ ಅಂತ ಹೇಳಿದ್ದು ಅವರಲ್ಲ, ನೀನೇ."

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಊರಿನ ಪಿಯುಸಿಯ ಲೆಕ್ಕ ಇಲ್ಲಿ ಹಾಕಬೇಡಿ. ಮಗು ಕೊನೆಗೆ ಏನಾಗಬೇಕೆಂದಿದೆ ಎಂದು ಮೊದಲು ಕೇಳಿ. ಆ ಕೋರ್ಸಿನ ಪ್ರವೇಶ ನಿಯಮವನ್ನು ಆಯಾ ಕಾಲೇಜಿನ ವೆಬ್‌ಸೈಟಿನಲ್ಲೇ ಇಬ್ಬರೂ ಕೂತು ಓದಿ. ಒಂದೊಂದು ಕಡೆ ಒಂದೊಂದು ನಿಯಮ. ಆಯ್ಕೆ ತಪ್ಪಿದ್ದರೆ ತಡಮಾಡದೆ ಶಾಲೆಗೆ ಹೋಗಿ. ಬದಲಿಸಲು ಅವರು ಕೊಡುವ ಸಮಯ ಕಡಿಮೆ.

ಅಂದು ಸುಗುಣಾ ಮಗಳ ಜೊತೆಯಲ್ಲೇ ಶಾಲೆಗೆ ಹೋದಳು. ತಾನು ಮಾತಾಡಲಿಲ್ಲ, ಪಕ್ಕದಲ್ಲಿ ನಿಂತಳು. ಕೆಮಿಸ್ಟ್ರಿ ಮೇಷ್ಟರು ಏನು ಎಂಬಂತೆ ನೋಡಿದರು. ತೃಷಾ ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಕೇಳಿದಳು:

"ಸರ್, ನನಗೆ ಕೆಮಿಸ್ಟ್ರಿ ಬೇಕು. ಗ್ರೇಡ್ ಸ್ವಲ್ಪ ಕಡಿಮೆ ಇದೆ. ಆದರೂ ಸೇರಿಸಿಕೊಳ್ಳುತ್ತೀರಾ?"