ಬುರುಲ್ಚಾಳ ಕಂಪ್ಯೂಟರಿನ ನಂಬರು

ನರೀನ್ ಊರಿನ ಜಮೀನು ಕಚೇರಿಯಲ್ಲಿ ಪ್ರಿಂಟರು ಇದ್ದದ್ದು ಒಂದೇ. ಅದರ ವೈರು ಬುರುಲ್ಚಾಳ ಕಂಪ್ಯೂಟರಿಗೆ ಸಿಕ್ಕಿಸಿದ್ದರು. ಯಾರು ಏನು ಅಚ್ಚು ಹಾಕಿದರೂ ಕಾಗದ ಅವಳ ಕೋಣೆಯಲ್ಲೇ ಬಂದು ಬೀಳಬೇಕು. ತೆಗೆದುಕೊಳ್ಳಲು ಬಂದವರು ಒಂದು ಬಟ್ಟಲು ಚಹಾ ಕುಡಿದೇ ಹೋಗಬೇಕು. ಗಂಡ ಸತ್ತ ಮೇಲೆ ಅವಳಿಗೆ ಮಾತಾಡಲು ಇದ್ದವರೆಂದರೆ ಇವರೇ. ಬೇರೆ ಕೆಲಸವನ್ನೆಲ್ಲ ಕಚೇರಿ ಅವಳ ಕೈಯಿಂದ ಯಾವತ್ತೋ ತೆಗೆದಿತ್ತು.

ಒಂದು ಬೆಳಿಗ್ಗೆ ಸಾಹೇಬ ಎಸೆನ್‌ಬೆಕ್ ಬಂದು ಮರ್ಯಾದೆಯಿಂದ ಎದೆಯ ಮೇಲೆ ಕೈಯಿಟ್ಟು ನಿಂತ. ಹಿರಿಯಕ್ಕನಿಗೆ ಆ ಊರಲ್ಲಿ ಎಜೆ ಅನ್ನುತ್ತಾರೆ.

"ಎಜೆ, ಪ್ರಿಂಟರನ್ನ ನೆಟ್‌ವರ್ಕಿಗೇ ಹಾಕ್ಬಿಡೋಣ. ಎಲ್ರೂ ಅವರವರ ಕಂಪ್ಯೂಟರಿಂದ ನೇರ ಕಳಿಸ್ಲಿ. ಅದು ಪಡಸಾಲೇಲಿರ್ಲಿ. ನಿಮ್ಗೂ ಗಲಾಟೆ ತಪ್ಪುತ್ತೆ."

"ನಂಗೆ ಗಲಾಟೆ ಅಂತ ಯಾರು ಹೇಳಿದ್ರಪ್ಪ?"

"ನೀವೆಲ್ಲಿ ಹೇಳ್ತೀರಿ ಅಕ್ಕ? ನಾವೇ ಅರ್ಥ ಮಾಡ್ಕೋಬೇಕು."

ಕಚೇರಿಯ ಯಂತ್ರಗಳಿಗೆಲ್ಲ ನೆಟ್‌ವರ್ಕಿನ ನಂಬರು ಕೊಡುವ ಕೆಲಸವೊಂದು ಮಾತ್ರ ಅವಳ ಕೈಯಲ್ಲಿ ಉಳಿದಿತ್ತು. ಒಂದೊಂದಕ್ಕೆ ಒಂದೊಂದು, ಮನೆ ನಂಬರಿನ ಹಾಗೆ. ಪ್ರಿಂಟರು ಪಡಸಾಲೆ ಸೇರಿದ ದಿನ ಅವಳು ಅಲ್ಲಿಗೆ ಹೋಗಿ, ಬೇಕಂತಲೇ, ತನ್ನ ಕಂಪ್ಯೂಟರಿನ ನಂಬರನ್ನೇ ಪ್ರಿಂಟರಿಗೂ ಕೊಟ್ಟಳು. ಎರಡು ಮನೆಗೆ ಒಂದೇ ನಂಬರಾದರೆ ಕಾಗದ ಮುಟ್ಟುವುದಾದರೂ ಹೇಗೆ? ಬೇಸತ್ತು ಹಳೆಯ ವೈರನ್ನೇ ಸಿಕ್ಕಿಸುತ್ತಾರೆ, ಎಲ್ಲರೂ ಮತ್ತೆ ಬರುತ್ತಾರೆ ಅಂದುಕೊಂಡಳು. ಹುಚ್ಚಿ, ತನ್ನ ಕಾಲ ಮೇಲೆ ತಾನೇ ಕಲ್ಲು ಎಳೆದುಕೊಂಡಳು.

ಕೆಲವು ದಿನ ಒಂದು ಹಾಳೆಯೂ ಹೊರಬರಲಿಲ್ಲ. ಆಮೇಲೆ ಲೆಕ್ಕಪತ್ರದ ಕಲ್‌ಬೂಬು ಗಮನಿಸಿದಳು: ಎಜೆ ಕಂಪ್ಯೂಟರು ಆರಿಸಿ ಊಟಕ್ಕೆ ಹೋದಾಗ ಪ್ರಿಂಟರು ಚೆನ್ನಾಗಿಯೇ ಓಡುತ್ತದೆ. ಯಾಕೆಂದು ಎಲ್ಲರಿಗೂ ಗೊತ್ತಾಯಿತು. ಆದರೆ ಹಿರಿಯಳನ್ನು ಎದುರಿಗೆ ನಿಲ್ಲಿಸಿ ತಪ್ಪು ಮಾಡಿದಿರಿ ಅನ್ನುವ ಬಾಯಿ ಆ ಊರಲ್ಲಿ ಹುಟ್ಟಿಲ್ಲ. ಅವಳು ಕೊಟ್ಟ ನಂಬರನ್ನು ತಾವೇ ಬದಲಾಯಿಸಿದರೂ ಅದೇ ಮಾತು ಆಡಿದಂತೆ.

"ಎಜೆ, ನಿಮ್ಮ ಕಂಪ್ಯೂಟರಿಗೂ ವಯಸ್ಸಾಯ್ತು, ಪಾಪ," ಅಂದಳು ಕಲ್‌ಬೂಬು, ಎಸೆನ್‌ಬೆಕ್‌ನ ಜೊತೆ ಅವಳ ಕೋಣೆಗೆ ಬಂದು. "ಆರಿಸೇ ಇಡೋಣ. ನೀವು ಆರಾಮಾಗಿ ಕೂತ್ಕೊಳ್ಳಿ."

ಬುರುಲ್ಚಾ ಕಂಪ್ಯೂಟರಿಗೆ ಕೈ ಅಡ್ಡ ಹಿಡಿದಳು. ನಂಬರು ಬದಲಿಸಲು ಒಂದು ಗಳಿಗೆ ಸಾಕು. ಮಾನ ಹೋದರೂ ಸರಿ, ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದಳು.

"ನಾನೇ ಕಣಪ್ಪ, ಆ ನಂಬರು..."

"ಬೇಡ ಎಜೆ, ನೀವೇನೂ ಹೇಳ್ಬೇಡಿ," ಎಸೆನ್‌ಬೆಕ್ ತಟ್ಟನೆ ತಡೆದ. "ಯಂತ್ರ ಅಂದ್ಮೇಲೆ ಹೀಗೇ."

ಈ ಮರ್ಯಾದೆಯ ಬದಲು ಒಂದು ಬೈಗುಳ ಸಿಕ್ಕಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವನೇ ಬಗ್ಗಿ ಅವಳ ಕಂಪ್ಯೂಟರಿನ ವೈರು ಕಿತ್ತ. ಕಲ್‌ಬೂಬು ಚಹಾ ತಂದು ಮುಂದಿಟ್ಟಳು. ಆಮೇಲೆ ಇಬ್ಬರೂ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೋದರು, ಪ್ರಿಂಟರಿನ ಸದ್ದಿನಿಂದ ಎಜೆಗೆ ತೊಂದರೆಯಾಗಬಾರದೆಂದು.